ಕೂಸಿನ ಅಂಗಿಯ ಒಳಮಗ್ಗುಲು

ಮಾತಾಡುವವರು ಇಬ್ಬರು. ಒಬ್ಬರು ದೊಡ್ಡಮ್ಮ: ಬೆಂಗಳೂರಿನ ಬೊಮ್ಮನಹಳ್ಳಿ ಸುತ್ತಿನ ಗಾರ್ಮೆಂಟ್ಸ್‌ಗಳಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಟೈಲರ್ ಆಗಿದ್ದು, ಈಗ ಮದ್ದೂರಿನ ಹತ್ತಿರದ ಊರಿಗೆ ಮರಳಿದವರು. ಇನ್ನೊಬ್ಬಳು ಅವರ ತಂಗಿಯ ಮಗಳು: ಸಾಫ್ಟ್‌ವೇರ್ ಕಂಪನಿಯ ಉದ್ಯೋಗಿ, ಹೆರಿಗೆ ರಜೆಯಲ್ಲಿ ತವರಿಗೆ ಬಂದವಳು, ಐದು ತಿಂಗಳ ಕೂಸಿನ ತಾಯಿ. ನಡುವೆ ಚಾಪೆಯ ಮೇಲೆ ಮಲ್ ಬಟ್ಟೆಯ ಒಂದು ಝಬಲಾ, ಅರ್ಧ ಹೆಣೆದ ಸ್ವೆಟರ್, ಒಂದು ಕುಲಾವಿ, ಒಂದು ಜೊತೆ ಪುಟ್ಟ ಕೈಗವಸು. ಕೂಸು ಒಳಗೆ ಮಲಗಿದೆ. ಆದ್ದರಿಂದ ಮಾತು ತಗ್ಗಿದ ದನಿಯಲ್ಲಿ ಶುರುವಾಗುತ್ತದೆ. ಬಹಳ ಹೊತ್ತು ಹಾಗೇ ಉಳಿಯುವುದಿಲ್ಲ.

ಇಂಥ ಮಾತುಗಳಲ್ಲಿ ಹಿರಿಯರು ಕೈಕೆಲಸದ ಕಡೆ, ಕಿರಿಯರು ಅಂಗಡಿಯ ಕಡೆ ಎಂದು ಎಣಿಸುವುದು ವಾಡಿಕೆ. ಈಚೆಗೆ ನಾನು ಕಾಣುತ್ತಿರುವುದು ಅದರ ತಿರುಗುಮುರುಗು. ಹೊಲಿದು ಹೊಲಿದು ಸಾಕಾದವರು ರೆಡಿಮೇಡ್ ತನ್ನಿ ಅನ್ನುತ್ತಾರೆ. ಸೂಜಿ ಮುಟ್ಟದೆ ಬೆಳೆದವರು ಮಡಿಲಲ್ಲಿ ಉಲ್ಲನ್ ಉಂಡೆ ಇಟ್ಟುಕೊಂಡು ಕೂತಿದ್ದಾರೆ.

ಮಗಳು: ದೊಡ್ಡಮ್ಮ, ಇದನ್ನ ನೋಡು. ಕತ್ತರಿಸಿದ್ದೂ ನಾನೇ, ಹೊಲಿದದ್ದೂ ನಾನೇ. ಕಾರ್ಖಾನೆಯಲ್ಲಿ ಆಗಿದ್ದಲ್ಲ, ಕೈಯಲ್ಲಿ ಮಾಡಿದ್ದು.

ದೊಡ್ಡಮ್ಮ: ಕಾರ್ಖಾನೇಲಿ ನಾವೇನು ಕಾಲಲ್ಲಿ ಹೊಲೀತಿದ್ವಾ?

ಮಗಳು: ಅಯ್ಯೋ, ನಾನು ಹಾಗಂದೆನಾ?

ದೊಡ್ಡಮ್ಮ: ಅಂದೆ ಕಣವ್ವ. ಎಲ್ಲರೂ ಅಂತಾರೆ. ಅಂಗಡೀಲಿ ತೂಗುಹಾಕಿರೋ ಒಂದೊಂದು ಫ್ರಾಕೂ ಯಾವಳೋ ಒಬ್ಬಳ ಬೆರಳ ಕೆಳಗಿಂದ ಬಂದಿರೋದೇ. ಮಿಷನ್ ಓಡೋದು ಕರೆಂಟಲ್ಲಿ, ಬಟ್ಟೆ ತಿರುಗಿಸೋದು ಕೈಯಲ್ಲಿ. ಕೂಸಿನ ತೋಳಿನ ಸುತ್ತು ಎಷ್ಟು ಸಣ್ಣದು ಅಂತ ನಿನಗೇ ಗೊತ್ತಾಗಿರಬೇಕಲ್ಲ ಈಗ. ಅದನ್ನ ಸೂಜಿ ಕೆಳಗೆ ತಿರುಗಿಸೋ ಮಿಷನ್ ನನ್ನ ಕಣ್ಣಿಗಂತೂ ಬೀಳಲಿಲ್ಲ.

ಮಗಳು: ಸರಿ, ಒಪ್ಪಿದೆ. ಆದರೆ ಒಂದು ಫ್ರಾಕನ್ನ ಪೂರ್ತಿ ನೀನೊಬ್ಬಳೇ ಹೊಲಿದಿದ್ದು ಇದೆಯಾ?

ದೊಡ್ಡಮ್ಮ: ಅದು ಬೇರೆ ಮಾತು. ಒಂದು ಬ್ಯಾಚಲ್ಲಿ ಸಾಲಾಗಿ ಮಿಷನ್‌ಗಳು. ಒಬ್ಬಳು ಭುಜ ಕೂಡಿಸ್ತಾಳೆ, ಒಬ್ಬಳು ಕತ್ತಿನ ಪಟ್ಟಿ, ಒಬ್ಬಳು ಓವರ್‌ಲಾಕು, ಕೊನೇಲಿ ಕಾಜಾ, ಬಟನ್ನು, ಟ್ರಿಮ್ಮಿಂಗು, ಚೆಕಿಂಗು. ನಾನು ಜಾಸ್ತಿ ವರ್ಷ ಕೂತಿದ್ದು ತೋಳು ಕೂರಿಸೋ ಮಿಷನ್‌ಗೆ. ಗಂಟೆಗೆ ಇಷ್ಟು ಪೀಸು ಅಂತ ಬೋರ್ಡಲ್ಲಿ ಬರೆದಿರ್ತಿದ್ರು. ಕಮ್ಮಿಯಾದ್ರೆ ಸೂಪರ್‌ವೈಸರ್ ಬಾಯಿ. ಇಡೀ ಫ್ರಾಕು ಹೆಂಗೆ ಕಾಣ್ತದೆ ಅಂತ ನೋಡ್ಬೇಕಾದ್ರೆ ಪ್ಯಾಕಿಂಗ್ ಕಡೆ ಹೋಗಬೇಕಿತ್ತು.

ಮಗಳು: ನಾನು ಹೇಳ್ತಿರೋದೂ ಅದೇ. ಆ ತೋಳು ಯಾವ ಮಗುವಿನ ಕೈಗೆ ಅಂತ ನಿನಗೆ ಗೊತ್ತಿರಲಿಲ್ಲ. ನನಗೆ ಗೊತ್ತು. ಇವಳ ತೊಡೆ ದಪ್ಪ, ಕೈ ಗಿಡ್ಡ. ಅಂಗಡಿಯ ‘3 ರಿಂದ 6 ತಿಂಗಳು’ ಅನ್ನೋ ಚೀಟಿಗೆ ಇವಳು ಗೊತ್ತಿಲ್ಲ.

ದೊಡ್ಡಮ್ಮ: ಇಷ್ಟೆಲ್ಲ ಗೊತ್ತಿರೋಳು ಕತ್ತನ್ನ ಯಾಕವ್ವ ಇಷ್ಟು ಕಿರಿದು ಇಟ್ಟೆ? ಇದು ತಲೆ ಮೇಲಿಂದ ಇಳಿಯಲ್ಲ.

ಮಗಳು: ಎದೆ ಸುತ್ತಿನ ಲೆಕ್ಕಕ್ಕೆ ಕತ್ತು ತೆಗೆದೆ. ನನ್ನ ಬ್ಲೌಸಿಗೆ ಹಾಗೇ ತಾನೆ ತೆಗೆಯೋದು?

ದೊಡ್ಡಮ್ಮ: ಕೂಸು ಅಂದ್ರೆ ಸಣ್ಣ ಸೈಜಿನ ದೊಡ್ಡೋರಲ್ಲ. ಮಕ್ಕಳ ಬಟ್ಟೆಯ ಅಳತೆ ಹಾಳೇಲಿ ನಾವು ಮೊದಲು ನೋಡ್ತಿದ್ದಿದ್ದೇ ತಲೆ. ಹುಟ್ಟಿದಾಗ ತಲೆ ಸುತ್ತು 35 ಸೆಂಟಿಮೀಟರ್ ಹತ್ತಿರ ಇರ್ತದೆ, ಎದೆ ಅದಕ್ಕಿಂತ ಒಂದೆರಡು ಸೆಂಟಿಮೀಟರ್ ಕಮ್ಮಿ. ಎರಡೂ ಸಮ ಆಗೋದು ವರ್ಷದ ಹೊತ್ತಿಗೆ. ಆವಾಗ ತಲೆ 46 ಹತ್ತಿರ ಬಂದಿರ್ತದೆ. ಅಲ್ಲೀವರೆಗೂ ಕೂಸಿನ ಮೈಯಲ್ಲಿ ತಲೇನೇ ದೊಡ್ಡದು. ತಲೆ ತೂರಲಿಲ್ಲ ಅಂದ್ರೆ ಉಳಿದ ಅಂಗಿ ಎಷ್ಟು ಚೆಂದ ಇದ್ದರೆ ಏನು ಬಂತು?

ಮಗಳು: ಮತ್ತೆ ಏನು ಮಾಡ್ಲಿ? ಬಿಚ್ಚಲಾ?

ದೊಡ್ಡಮ್ಮ: ಮುಂದೆ ಸೀಳಿ ಲಾಡಿ ಹಾಕು. ನಮ್ಮಮ್ಮನ ಕಾಲದ ಝಬಲಾಗಳಿಗೆ ತಲೆ ಮೇಲಿಂದ ಹಾಕೋ ಕಷ್ಟವೇ ಇರಲಿಲ್ಲ, ತೋಳು ತೂರಿಸಿ ಕಟ್ಟೋದಷ್ಟೆ. ಲಾಡಿ ಗಿಡ್ಡಕ್ಕಿರಲಿ, ಕತ್ತಿನ ಸುತ್ತ ಮಾತ್ರ ಬೇಡ. ಇಲ್ಲಾಂದ್ರೆ ರೆಡಿಮೇಡಲ್ಲಿ ಭುಜದ ಮೇಲೆ ಒಂದರ ಮೇಲೊಂದು ಬಟ್ಟೆ ಹತ್ತಿರ್ತದಲ್ಲ, ಹಂಗೆ ಮಾಡು. ಅದು ಯಾಕೆ ಹಂಗಿರೋದು ಗೊತ್ತಾ? ಎಳೆದರೆ ಅಗಲ ಆಗ್ತದೆ. ಕೂಸು ಬೆನ್ನುದ್ದಕ್ಕೂ ಕಕ್ಕ ಮಾಡಿಕೊಂಡಾಗ ಅಂಗೀನ ತಲೆ ಮೇಲಿಂದ ತೆಗೀಬೇಕಾಗಿಲ್ಲ, ಕೆಳಕ್ಕೆ ಎಳೆದು ಕಾಲಲ್ಲಿ ತೆಗೀಬೋದು.

ಮಗಳು: ಅದು ಡಿಸೈನು ಅಂತ ತಿಳಿದಿದ್ದೆ!

ದೊಡ್ಡಮ್ಮ: ಡಿಸೈನೇ. ಕಕ್ಕಕ್ಕೋಸ್ಕರ ಮಾಡಿದ್ದು.

(ಕೈಹೊಲಿಗೆಯ ಬಗ್ಗೆ ಬರೆಯುವವರು ಇಂಥ ಸಂಗತಿಗಳನ್ನು ಬಿಟ್ಟು ನೇರ ತಾಯ್ತನಕ್ಕೆ, ಮಮತೆಗೆ ಹಾರಿಬಿಡುತ್ತಾರೆ. ಕೂಸಿನ ಬಟ್ಟೆಯ ಅರ್ಧ ಶಾಸ್ತ್ರ ಇರುವುದು ತಲೆ ತೂರಿಸುವುದರಲ್ಲಿ. ಇನ್ನರ್ಧ ಒದ್ದೆ ಬದಲಿಸುವುದರಲ್ಲಿ.)

ಮಗಳು: ನೀನು ತಪ್ಪು ಹುಡುಕು, ನಾನು ತಿದ್ದುತೀನಿ. ಆದರೆ ಇದರಲ್ಲಿರೋ ಪ್ರೀತಿ ಅಂಗಡಿಯ ಅಂಗಿಯಲ್ಲಿ ಇದೆಯಾ, ಅದನ್ನ ಹೇಳು.

ದೊಡ್ಡಮ್ಮ: ಪ್ರೀತಿ ಇದೆಯೋ ಇಲ್ಲವೋ ಹೊಲಿಗೆ ನೋಡಿದ್ರೆ ಗೊತ್ತಾಗಲ್ಲ. ಹೊಲಿಗೆ ಗಟ್ಟಿಯಾಗಿದೆಯಾ ಅನ್ನೋದು ಗೊತ್ತಾಗ್ತದೆ. ಕೊಡು ಇಲ್ಲಿ, ಒಳಮಗ್ಗುಲು ತಿರುಗಿಸು. ನೋಡು, ಹೊಲಿಗೆಯ ಅಂಚೆಲ್ಲ ಒಳಗೆ ಎದ್ದು ನಿಂತಿದೆ. ಕಂಕುಳಲ್ಲಿ ಉಜ್ಜುತದೆ. ಒಂದು ಸಲ ಹೊಲಿದು, ಅಂಚು ಕತ್ತರಿಸಿ, ತಿರುಗಿಸಿ ಇನ್ನೊಂದು ಹೊಲಿಗೆ ಹಾಕು, ಅಂಚು ಒಳಗೇ ಮುಚ್ಚಿಹೋಯ್ತದೆ. ಅಷ್ಟು ತಾಳ್ಮೆ ಇಲ್ಲ ಅಂದ್ರೆ ಅಂಗೀನೇ ಒಳಗು ಹೊರಗು ಮಾಡಿ ಹಾಕು. ಕೂಸಿಗೇನು, ನೋಡೋರಿಗೆ ತಾನೆ ನಾಚಿಕೆ. ಆಮೇಲೆ, ಬಟ್ಟೆ ನೀರಿಗೆ ಹಾಕಿ ಕತ್ತರಿಸಿದ್ಯಾ?

ಮಗಳು: ಇಲ್ಲ. ಹೊಸ ಬಟ್ಟೆ ಅಲ್ವಾ.

ದೊಡ್ಡಮ್ಮ: ಹೊಸ ಬಟ್ಟೆ ಅಂತಲೇ ನೆನೆಹಾಕಬೇಕು. ಕಾಟನ್ ಮೊದಲ ಒಗೆತಕ್ಕೇ ಕುಗ್ತದೆ. ಗಾರ್ಮೆಂಟ್ಸಲ್ಲಿ ಕಟಿಂಗ್‌ಗೆ ಮುಂಚೆ ತುಂಡು ಒಗೆದು ಎಷ್ಟು ಕುಗ್ತು ಅಂತ ಅಳೀತಿದ್ರು. ನಿನ್ನ ಪ್ರೀತಿ ಒಂದು ಬಕೆಟ್ ನೀರಿಗೆ ಹೆದರಿಕೊಳ್ತದೆ ನೋಡು.

ಮಗಳು: ಹಳೇ ಬಟ್ಟೆಯಲ್ಲಿ ಹೊಲಿದಿದ್ರೆ ಈ ತೊಂದರೆಯೇ ಇರ್ತಿರಲಿಲ್ಲ. ಅಮ್ಮ ಹೇಳ್ತಿದ್ದಳು, ನನಗೆ ಮೊದಲು ಹಾಕಿದ್ದು ತಾತನ ಪಂಚೆ ಹರಿದು ಮಾಡಿದ ಅಂಗಿಯಂತೆ. ನಾಮಕರಣದವರೆಗೆ ಹೊಸದು ಹಾಕಲೇ ಇಲ್ಲವಂತೆ.

ದೊಡ್ಡಮ್ಮ: ಶಾಸ್ತ್ರ ಅಂದ್ರು, ದೃಷ್ಟಿ ಅಂದ್ರು. ಏನೇ ಅಂದ್ರೂ ಆ ಪಂಚೆ ವರ್ಷಗಟ್ಟಲೆ ಕಲ್ಲಿಗೆ ಬಡಿದು ಹೂವಿನಂಗೆ ಮೆತ್ತಗಾಗಿತ್ತು, ಗಂಜಿ ಇಲ್ಲ, ಬಣ್ಣ ಬಿಡಲ್ಲ. ಅದರಲ್ಲಿ ಬುದ್ಧಿ ಇತ್ತು, ಇಲ್ಲ ಅನ್ನಲ್ಲ. ಬಡತನವೂ ಇತ್ತು. ಎರಡರಲ್ಲಿ ಯಾವುದು ಮೊದಲು ಅಂತ ನನ್ನ ಕೇಳಬೇಡ.

ಮಗಳು: ನೀನು ಎಲ್ಲದಕ್ಕೂ ಬಡತನ ತರ್ತೀಯ. ಹಳೆಯವರು ಲಂಗಕ್ಕೆ ಕೆಳಗೆ ಎರಡು ಮೂರು ಮಡಿಕೆ ಹಿಡಿದು ಹೊಲೀತಿದ್ರಲ್ಲ, ಮಗು ಬೆಳೆದ ಹಾಗೆ ಒಂದೊಂದೇ ಬಿಚ್ಚೋದು. ಎಷ್ಟು ಚೆನ್ನಾದ ಉಪಾಯ ಅದು! ಇವತ್ತು ಮೂರು ತಿಂಗಳಿಗೊಂದು ಸೈಜು ಕೊಂಡು ಬಿಸಾಡ್ತೀವಿ.

ದೊಡ್ಡಮ್ಮ: ಆ ಮಡಿಕೆ ಬಿಚ್ಚಿದ ಲಂಗ ನೀನು ಉಟ್ಟಿದ್ದೀಯಾ?

ಮಗಳು: ಇಲ್ಲ.

ದೊಡ್ಡಮ್ಮ: ನಾನು ಉಟ್ಟಿದ್ದೀನಿ. ಮಡಿಕೆ ಒಳಗಿದ್ದ ಬಟ್ಟೆ ಬಣ್ಣ ಹಂಗೇ ಇರ್ತದೆ, ಹೊರಗಿದ್ದದ್ದು ಬಿಸಿಲಿಗೆ ಮಾಸಿರ್ತದೆ. ಬಿಚ್ಚಿದ ಮೇಲೆ ಕಾಲ ಹತ್ತಿರ ಗಾಢವಾಗಿ ಒಂದು ಪಟ್ಟೆ, ಅದರ ಮೇಲೆ ಹೊಲಿಗೆ ಕಿತ್ತ ತೂತಿನ ಗೆರೆ. ಸ್ಕೂಲಲ್ಲಿ ಹುಡುಗೀರು ಆ ಪಟ್ಟೆ ಎಣಿಸಿ ‘ನಿಂದು ಮೂರನೇ ವರ್ಷದ್ದು’ ಅನ್ನೋರು. ನೀನು ಉಪಾಯ ಅಂತೀಯ. ನಾನು ಪಟ್ಟೆ ಕಾಣದಂಗೆ ಲಂಗ ಎಳ್ಕೊಂಡು ಕೂತ್ಕೋತಿದ್ದೆ.

ಮಗಳು: ಆದರೆ ಆ ಹುಡುಗೀರು ಎಣಿಸಿದ್ದು ತಪ್ಪು, ಮಡಿಕೆ ಹಿಡಿದಿದ್ದು ತಪ್ಪಲ್ಲ. ಈಗ ಎಣಿಸೋರು ಯಾರೂ ಇಲ್ಲ. ಹಾಗಾದ್ರೆ ಉಪಾಯ ಇಟ್ಟುಕೊಂಡು ನಾಚಿಕೆ ಬಿಡಬಹುದಲ್ವಾ?

ದೊಡ್ಡಮ್ಮ: ಬಿಡಬೋದು. ಕಿಸೆ ತುಂಬಿದ್ರೆ ಬಿಡೋದು ಸುಲಭ.

ಈ ಮಾತಿಗೆ ಮಗಳು ಒಂದು ಗಳಿಗೆ ಸುಮ್ಮನಾದಳು. ಆಮೇಲೆ, ಓದಿಕೊಂಡವರು ಮಾಡುವ ಹಾಗೆ, ದೊಡ್ಡವರೊಬ್ಬರನ್ನು ತನ್ನ ಕಡೆಗೆ ಕರೆತಂದಳು.

ಮಗಳು: ಗಾಂಧೀಜಿ ಯಂತ್ರಗಳನ್ನ ಅಷ್ಟು ಟೀಕಿಸಿದವರು. ಅವರು ಕೂಡ ಹೊಲಿಗೆ ಮಿಷನ್ ಮಾತ್ರ ಬಿಟ್ಟುಕೊಟ್ಟರು, ಗೊತ್ತಾ? 1924ರಲ್ಲಿ ಶಾಂತಿನಿಕೇತನದ ರಾಮಚಂದ್ರನ್ ಅನ್ನೋ ವಿದ್ಯಾರ್ಥಿ ಕೇಳಿದಾಗ ಸಿಂಗರ್ ಮಿಷನ್ನಿನ ಉದಾಹರಣೆ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ಹೊಲಿದು ಬಳಲೋದನ್ನ ನೋಡಲಾರದೆ, ಪ್ರೀತಿಯಿಂದ ಸಿಂಗರ್ ಅದನ್ನ ಕಂಡುಹಿಡಿದ ಅಂತ. ನೋಡು, ಅಲ್ಲೂ ಪ್ರೀತಿ.

ದೊಡ್ಡಮ್ಮ: ಆ ಮಿಷನ್ ಮಾಡೋದು ಎಲ್ಲಿ? ಕಾರ್ಖಾನೇಲಿ ತಾನೆ?

ಮಗಳು: ...ರಾಮಚಂದ್ರನ್ ಕೂಡ ಅದನ್ನೇ ಕೇಳಿದ್ದ.

ದೊಡ್ಡಮ್ಮ: ಬುದ್ಧಿವಂತ ಹುಡುಗ. ಏನಂದ್ರಂತೆ?

ಮಗಳು: ಅಂಥ ಕಾರ್ಖಾನೆಗಳು ಸರ್ಕಾರದ ಕೈಯಲ್ಲಿರಬೇಕು, ಕೆಲಸ ಮಾಡೋರಿಗೆ ಒಳ್ಳೆ ವ್ಯವಸ್ಥೆ ಇರಬೇಕು, ಲಾಭಕ್ಕೋಸ್ಕರ ಅಲ್ಲ, ಜನರಿಗೋಸ್ಕರ ನಡೀಬೇಕು ಅಂತ.

ದೊಡ್ಡಮ್ಮ: ಹ್ಞೂಂ. ಅಂಥದ್ದೊಂದು ಇದ್ದಿದ್ರೆ ನಾನೂ ಸೇರ್ಕೋತಿದ್ದೆ.

(ಸಿಂಗರ್ ಮಹಾಶಯರ ಬಗ್ಗೆ ಗಾಂಧೀಜಿಗೆ ಯಾರೋ ಒಳ್ಳೆಯ ಕಥೆ ಹೇಳಿರಬೇಕು. 1851ರಲ್ಲಿ ತನ್ನ ಮಿಷನ್ನಿಗೆ ಪೇಟೆಂಟ್ ಪಡೆದ ಐಸಾಕ್ ಸಿಂಗರ್‌ಗೆ 20ಕ್ಕೂ ಹೆಚ್ಚು ಮಕ್ಕಳು, ಅದೂ ಒಬ್ಬಳೇ ಹೆಂಡತಿಯಲ್ಲಿ ಅಲ್ಲ. ಹೆಂಡತಿಯ ಮೇಲಿನ ಪ್ರೀತಿಗೆ ಅವನನ್ನು ಸಾಕ್ಷಿ ಕರೆಯುವುದು ಕಷ್ಟ. ಹೊಲಿಯುವ ಹೆಂಗಸರ ಬೆನ್ನು ಹಗುರವಾಗಿದ್ದಂತೂ ನಿಜ. ಆಮೇಲೆ ಅದೇ ಮಿಷನ್ನು ಸಾಲು ಸಾಲಾಗಿ ನಿಂತಾಗ ಮತ್ತೆ ಭಾರವಾಯಿತು.)

ಮಗಳು: ನಿನ್ನ ಮಗನಿಗೆ ನೀನು ಒಂದಾದರೂ ಅಂಗಿ ಹೊಲಿದಿದ್ದೀಯಾ?

ದೊಡ್ಡಮ್ಮ: ಇಲ್ಲ.

ಮಗಳು: ಒಂದೂ ಇಲ್ಲವಾ? ದಿನಾ ಮಕ್ಕಳ ಬಟ್ಟೆ ಹೊಲೀತಿದ್ದೋಳು?

ದೊಡ್ಡಮ್ಮ: ಅಳತೆ ತಗೊಳ್ಳೋಕೆ ಕೂಸು ಹತ್ತಿರ ಇರಬೇಕಲ್ಲ. ಹೆರಿಗೆಗೆ ಆವಾಗ 12 ವಾರ ರಜ. ಅದು ಮುಗೀತಿದ್ದಂಗೆ ಅವನನ್ನ ಊರಲ್ಲಿ ನಮ್ಮಮ್ಮನ ಹತ್ತಿರ ಬಿಟ್ಟು ಬಂದೆ. 30ಕ್ಕಿಂತ ಜಾಸ್ತಿ ಹೆಂಗಸರಿರೋ ಕಾರ್ಖಾನೇಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕು ಅಂತ ಆವಾಗ ಕಾನೂನೇ ಇತ್ತು, 1948ರ ಫ್ಯಾಕ್ಟರಿ ಕಾಯ್ದೆ. ಇದ್ದದ್ದು ಒಂದು ರೂಮು. ಬೆಳಗ್ಗೆ ಬಾಗಿಲಲ್ಲಿ ಜೋತಾಡೋ ಬಸ್ಸಲ್ಲಿ ಹಾಲು ಕುಡಿಯೋ ಕೂಸು ಎತ್ಕೊಂಡು ಹೆಂಗವ್ವ ಬರೋದು? ತಿಂಗಳಿಗೊಂದು ಸಲ ಊರಿಗೆ ಹೋಗೋವಾಗ ಸಂತೇಲಿ ಒಂದು ಚಡ್ಡಿ, ಒಂದು ಬನಿಯನ್ನು ಕೊಂಡ್ಕೊಂಡು ಹೋಗ್ತಿದ್ದೆ. ಒಂದು ಸಲ ದೊಡ್ಡದಾಯ್ತದೆ, ಒಂದು ಸಲ ಸಣ್ಣದಾಯ್ತದೆ.

ಮಗಳು: ಭಾನುವಾರ?

ದೊಡ್ಡಮ್ಮ: ಭಾನುವಾರ ಮಿಷನ್ ಸದ್ದು ಕೇಳಿದ್ರೆ ತಲೆ ಸಿಡೀತಿತ್ತು. ನಿನಗೆ ಈಗ ಎಷ್ಟು ವಾರ ರಜ?

ಮಗಳು: 26. 2017ರಿಂದ ಹಾಗೆ.

ದೊಡ್ಡಮ್ಮ: ಹಂಗಾದ್ರೆ ಈ ಝಬಲಾ ಹೊಲಿದಿದ್ದು ನೀನೂ ಅಲ್ಲ, ನಿನ್ನ ಪ್ರೀತೀನೂ ಅಲ್ಲ. ಆ ಹೆಚ್ಚಿನ 14 ವಾರ.

ಮಗಳು: ಹಾಗೇ ಇರಲಿ. ನಿನಗೆ ಸಿಗದ ಸಮಯ ನನಗೆ ಸಿಕ್ಕಿದೆ. ಅದಕ್ಕೆ ನಾನು ಏನು ಮಾಡಬೇಕು ಹೇಳು? ನಿನಗೆ ಸಿಗಲಿಲ್ಲ ಅಂತ ನಾನೂ ಸೂಜಿ ಮುಟ್ಟಬಾರದಾ?

ದೊಡ್ಡಮ್ಮ: ನಿದ್ದೆ ಮಾಡು! ಬಾಣಂತಿ ಕಣ್ಣಿಗೆ ಸೂಜಿ ದಾರ ಬೇಡ ಅಂತ ನಮ್ಮಮ್ಮ ಸೂಜಿ ಡಬ್ಬಿ ಬಚ್ಚಿಡ್ತಿದ್ರು. ಎರಡು ಗಂಟೆಗೊಂದು ಸಲ ಹಾಲು ಕುಡಿಸೋಳು ರಾತ್ರಿ ದೀಪ ಹಾಕ್ಕೊಂಡು ಸ್ವೆಟರ್ ಹೆಣೀತಾಳಂತೆ.

ಮಗಳು: ನಿದ್ದೆ ಬರ್ದೆ ಇದ್ದಾಗ್ಲೇ ಹೆಣೆಯೋದು ದೊಡ್ಡಮ್ಮ. ಹೆರಿಗೆಯಾದ ಮೇಲೆ ದಿನಾ ಒಂದೇ ಕೆಲಸ: ಹಾಲು, ಒದ್ದೆ ಬಟ್ಟೆ, ತೂಗೋದು. ಸಂಜೆಗೆ ನೋಡಿದ್ರೆ ಏನೂ ಮಾಡಿಲ್ಲ ಅನಿಸ್ತಿತ್ತು. ಒಂದು ಸೀದಾ, ಒಂದು ಉಲ್ಟಾ ಅಂತ ನಾಲ್ಕು ಸಾಲು ಹೆಣೆದ್ರೆ ಆ ನಾಲ್ಕು ಸಾಲು ಮಾರನೆ ದಿನವೂ ಇರುತ್ತೆ. ಇದು ಅವಳಿಗೋಸ್ಕರ ಅಂತ ಹೇಳ್ತೀನಿ. ನಿಜ ಹೇಳಬೇಕಂದ್ರೆ ನನಗೋಸ್ಕರ.

ದೊಡ್ಡಮ್ಮ: ಹಿಂಗೆ ಹೇಳು. ಇದಾದ್ರೆ ಕೇಳ್ತೀನಿ. ಕೂಸಿನ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬೇಡ.

ಇಲ್ಲಿಂದ ಮಾತು ಸ್ವೆಟರಿಗೆ ಹೊರಳಿತು. ಹೆಣಿಗೆಯಲ್ಲಿ ದೊಡ್ಡಮ್ಮನಿಗೆ ಅಷ್ಟು ಅನುಭವವಿಲ್ಲ; ಮಗಳು ಸ್ವಲ್ಪ ನೆಟ್ಟಗೆ ಕೂತಳು.

ಮಗಳು: ಇದನ್ನ ಕತ್ತಿನಿಂದ ಶುರುಮಾಡಿ ಕೆಳಕ್ಕೆ ಹೆಣೆದಿದ್ದೀನಿ. ಬಾರ್ಡರಿಗೆ 12 ನಂಬರ್ ಕಡ್ಡಿ, ಮೈಗೆ 10. ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ತೆಳು. ಅವಳು ಉದ್ದ ಆದ್ರೆ ಕೆಳಗಿನ ಬಾರ್ಡರ್ ಬಿಚ್ಚಿ ಇನ್ನೂ ಒಂದು ಗೇಣು ಹೆಣೀಬಹುದು, ತೋಳಿಗೂ ಅಷ್ಟೇ. ಪೂರ್ತಿ ಚಿಕ್ಕದಾದ್ರೆ ಎಲ್ಲ ಬಿಚ್ಚಿ, ದಾರ ಒಗೆದು ತೂಗುಹಾಕಿ ಸುಕ್ಕು ಬಿಡಿಸಿ, ಬೇರೆ ಮಾಡಬಹುದು. ಲಂಗದ ಹಾಗೆ ಪಟ್ಟೆ ಕಾಣಲ್ಲ. ಯಾವ ಸ್ಕೂಲಲ್ಲೂ ಯಾರೂ ಎಣಿಸಲ್ಲ.

ದೊಡ್ಡಮ್ಮ: ಇದು ಒಪ್ಪೋ ಮಾತು. ಬಟ್ಟೆ ಕತ್ತರಿಸಿದ್ರೆ ಮುಗೀತು, ದಾರ ಹಂಗಲ್ಲ. ಆದರೆ ಮದ್ದೂರಲ್ಲಿ ಸ್ವೆಟರ್ ಎಷ್ಟು ದಿನ ಹಾಕ್ತೀಯ? ಡಿಸೆಂಬರ್, ಜನವರಿ. ಸಂಕ್ರಾಂತಿ ಕಳೀತು ಅಂದ್ರೆ ಬಿಸಿಲು. ನೀನು ಮುಗಿಸೋ ಹೊತ್ತಿಗೆ ಚಳಿನೂ ಹೋಗಿರ್ತದೆ, ಕೂಸೂ ಬೆಳೆದಿರ್ತದೆ.

ಮಗಳು: ಅದಕ್ಕೇ ಒಂದೂವರೆ ವರ್ಷದ ಅಳತೆಗೆ ಹೆಣೀತಿರೋದು. ಮುಂದಿನ ಚಳಿಗೆ.

ದೊಡ್ಡಮ್ಮ: ಉಣ್ಣೆನಾ ಇದು?

ಮಗಳು: ಅಂಗಡಿಯವರು ಬೇಬಿ ಉಲ್ಲನ್ ಅಂದ್ರು. ಚೀಟಿಯಲ್ಲಿ ಅಕ್ರಿಲಿಕ್ ಅಂತಿದೆ.

ದೊಡ್ಡಮ್ಮ: ಅಂದ್ರೆ ಕುರಿ ಮೈಯಿಂದ ಬಂದಿದ್ದಲ್ಲ, ಪೆಟ್ರೋಲ್ ಬಂದ ಕಡೆಯಿಂದ್ಲೇ ಬಂದಿದ್ದು. ಚುಚ್ಚಲ್ಲ, ಬೇಗ ಒಣಗ್ತದೆ, ಅಗ್ಗ. ಬೆವರು ಹೀರಲ್ಲ. ಬೆಂಕಿ ಹತ್ತಿರ ಹೋದ್ರೆ ಕರಗಿ ಮೈಗೆ ಅಂಟ್ಕೋತದೆ. ಸ್ನಾನ ಮಾಡಿಸಿ ಸಾಂಬ್ರಾಣಿ ಹೊಗೆ ಹಾಕೋವಾಗ ಇದನ್ನ ಹಾಕಿರಬೇಡ, ತಿಳೀತಾ? ಕೆಂಡದ ಹತ್ತಿರ ಹತ್ತಿ ಬಟ್ಟೆ ಹಾಕಿದ್ರೂ ಹುಷಾರಾಗಿರಬೇಕು. ಉಣ್ಣೆ ಅಷ್ಟು ಸುಲಭಕ್ಕೆ ಹತ್ತಿಕೊಳ್ಳಲ್ಲ.

ಮಗಳು: ನಮ್ಮ ಕಡೆ ಕುರಿ ಉಣ್ಣೆ ಸಿಗುತ್ತಲ್ಲ, ಕಂಬಳಿಗೆ ಹಾಕೋದು.

ದೊಡ್ಡಮ್ಮ: ಅದನ್ನ ಕೂಸಿನ ಮೈಗೆ ಹಾಕ್ತೀಯಾ? ಕಂಬಳಿ ಹೊದ್ದು ಮಳೇಲಿ ಹೊಲಕ್ಕೆ ಹೋಗೋದಕ್ಕೆ ಸರಿ. ದಖ್ಖನಿ ಕುರಿ ಕೂದಲು ಒರಟು. ಮೆರಿನೋ ಬೇಕು ಅಂದ್ರೆ ದೂರದ ದೇಶದ್ದು, ದುಡ್ಡು ಜಾಸ್ತಿ, ಬಿಸಿನೀರಲ್ಲಿ ಒಗೆದ್ರೆ ಗೊಂಬೆ ಸ್ವೆಟರ್ ಆಯ್ತದೆ. ಮಂಡ್ಯ ಸೀಮೆಗೆ ಹತ್ತಿ ನೂಲೇ ಸಾಕು. ಈ ಕುಲಾವಿ ಯಾವುದರದ್ದು? ಚೆನ್ನಾಗಿದೆ. ಯಾಕೆ ಹಾಕಿಲ್ಲ ಅವಳಿಗೆ? ಗಾಳಿ ಬೀಸ್ತಾ ಇದೆ.

ಮಗಳು: ಮಲಗಿದ್ದಾಳಲ್ಲ. ಮನೆಯೊಳಗೆ ಮಲಗಿಸುವಾಗ ಟೋಪಿ ಬೇಡ ಅಂದಿದ್ದಾರೆ ಡಾಕ್ಟರು. ಹುಟ್ಟಿದ ಹೊಸದರಲ್ಲಿ ಬೇಕು, ಆಗ ತಲೆಯಿಂದ ಶಾಖ ಬೇಗ ಹೋಗುತ್ತೆ. ಈಗ ಅದೇ ಉಲ್ಟಾ. ಮೈ ಕಾವೇರಿದ್ರೆ ಅದು ತಣಿಯೋದು ತಲೆಯಿಂದ. ಮುಚ್ಚಿಟ್ರೆ ಅತಿ ಬಿಸಿಯಾಗುತ್ತೆ. ನಿದ್ದೆಯಲ್ಲಿ ಟೋಪಿ ಜಾರಿ ಮೂಗು ಮುಚ್ಚಿದ್ರೆ ಇನ್ನೂ ಅಪಾಯ.

ದೊಡ್ಡಮ್ಮ: ನಮ್ಮನ್ನೆಲ್ಲ ಹಗಲು ರಾತ್ರಿ ಕುಲಾವಿ ಕಟ್ಟೇ ಸಾಕಿದ್ದು.

ಮಗಳು: ಬದುಕಿದವರು ಹೇಳೋ ಮಾತು ಅದು ದೊಡ್ಡಮ್ಮ.

ದೊಡ್ಡಮ್ಮನಿಗೆ ಈ ಉತ್ತರ ಹಿಡಿಸಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ಎದುರು ಮಾತು ಹುಡುಕುವ ಬದಲು ಕೈಗವಸು ತೆಗೆದುಕೊಂಡು ಬೆರಳು ತೂರಿಸಿದರು. ಎರಡು ಬಣ್ಣದ್ದು, ಬಿಳಿಯ ಮೇಲೆ ಕೆಂಪು ಹಕ್ಕಿ.

ದೊಡ್ಡಮ್ಮ: ಇದನ್ನ ಹಾಕಿಬಿಟ್ಟಿದ್ದೀಯಾ ಅವಳಿಗೆ?

ಮಗಳು: ಒಂದು ಸಲ. ಫೋಟೋ ತೆಗೆಯೋಕೆ. ಯಾಕೆ?

ದೊಡ್ಡಮ್ಮ: ಒಳಗೆ ನೋಡು. ಕೆಂಪು ದಾರ ಒಂದು ಹಕ್ಕಿಯಿಂದ ಇನ್ನೊಂದು ಹಕ್ಕಿಗೆ ಹಂಗೇ ಹಾರಿದೆ, ಸೇತುವೆ ಇದ್ದಂಗೆ. ಕೂಸಿನ ಬೆರಳು ಇದರಲ್ಲಿ ಸಿಕ್ಕೊಂಡು, ಅದು ಕೈ ಆಡಿಸಿದಂಗೆಲ್ಲ ಬಿಗೀತಾ ಹೋದ್ರೆ? ಹೊರಗಿಂದ ಹಕ್ಕಿ ಕಾಣ್ತದೆ, ಒಳಗೆ ಬೆರಳು ನೀಲಿಯಾಗಿರೋದು ಕಾಣಲ್ಲ. ಅಳ್ತದೆ, ನೀನು ಹೊಟ್ಟೆನೋವು ಅಂತ ಓಂಕಾಳು ನೀರು ಕುಡಿಸ್ತೀಯ.

ಮಗಳು: ನಿಜವಾ? ಒಂದು ದಾರಕ್ಕೆ ಅಷ್ಟಾಗುತ್ತಾ?

ದೊಡ್ಡಮ್ಮ: ಕೂದಲಿಗೇ ಆಯ್ತದೆ. ಬಾಣಂತಿ ಕೂದಲು ಉದುರೋ ಕಾಲ ಇದು. ಒಂದು ಎಳೆ ಕಾಲ್ಬೆರಳಿಗೆ ಸುತ್ಕೊಂಡ್ರೆ ರಕ್ತ ಓಡಲ್ಲ. ನಾವು ಮಕ್ಕಳ ಸಾಕ್ಸು, ರಾಂಪರು ಚೆಕಿಂಗ್ ಮಾಡೋವಾಗ ಮೊದಲು ಒಳಮಗ್ಗುಲು ತಿರುಗಿಸ್ತಿದ್ವಿ. ಸೂಜಿ ಮುರಿದ್ರಂತೂ ಬಿಡು, ಅದರ ಚೂರೆಲ್ಲ ಹುಡುಕಿ ರಿಜಿಸ್ಟರಿಗೆ ಅಂಟಿಸಿ ತೋರಿಸಿದ ಮೇಲೆ ಹೊಸ ಸೂಜಿ. ಒಂದು ಚೂರು ಸಿಗಲಿಲ್ಲ ಅಂದ್ರೆ ಅಲ್ಲಿದ್ದ ಪೀಸೆಲ್ಲ ಪಕ್ಕಕ್ಕೆ. ಪ್ಯಾಕ್ ಆಗೋಕೆ ಮುಂಚೆ ಲೋಹ ಹಿಡಿಯೋ ಮಿಷನ್ನಲ್ಲಿ ಹೋಗ್ಬೇಕು. ಬಟನ್ ಎಳೆದು ನೋಡೋಕೇ ಒಂದು ಮಿಷನ್. ನಿನ್ನ ಮನೇಲಿ ಸೂಜಿ ಮುರಿದ್ರೆ ಏನು ಮಾಡ್ತೀಯ?

ಮಗಳು: ಕಂಡಷ್ಟು ಎತ್ತಿ ಬಿಸಾಡ್ತೀನಿ.

ದೊಡ್ಡಮ್ಮ: ಅದೇ. ಯಾವುದೋ ದೇಶದ ಕಾಣದ ಕೂಸಿಗೆ ಅಷ್ಟು ಹುಷಾರು. ಭಯ ಇತ್ತು, ಬಯ್ಯೋರಿದ್ರು, ಅದಕ್ಕೇ ಇರಬೋದು. ಆದರೂ ಹುಷಾರು ಹುಷಾರೇ.

ಮಗಳು: ಅಲ್ಲಿ ಬಟ್ಟೆಗೆ ಅಷ್ಟು ಚೆಕಿಂಗು. ಹೊಲಿಯೋರಿಗೆ? 2013ರ ಏಪ್ರಿಲ್ 24ಕ್ಕೆ ಢಾಕಾ ಹತ್ತಿರ ರಾಣಾ ಪ್ಲಾಜಾ ಕುಸಿದಾಗ 1,100ಕ್ಕೂ ಹೆಚ್ಚು ಜನ ಸತ್ತರು. ಗೋಡೆಯಲ್ಲಿ ಬಿರುಕು ಕಂಡಿದ್ರೂ ಒಳಗೆ ಕಳಿಸಿದ್ರು. ಅಲ್ಲಿಂದ ಬಂದ ಅಂಗಿಯಲ್ಲಿ ಮುರಿದ ಸೂಜಿ ಇರಲ್ಲ, ಸರಿ. ಅದನ್ನ ನನ್ನ ಮಗಳಿಗೆ ಹಾಕೋಕೆ ನನಗೆ ಮನಸ್ಸು ಬರಲ್ಲ.

ದೊಡ್ಡಮ್ಮ: ಮನಸ್ಸು ಬರಲ್ಲ ಅಂತ ನೀನು ಕೊಳ್ಳೋದು ಬಿಟ್ರೆ ಅಲ್ಲಿ ಗೋಡೆ ಗಟ್ಟಿಯಾಯ್ತದಾ? ಆರ್ಡರ್ ಕಮ್ಮಿ ಆಯ್ತು ಅಂತ ಒಂದು ಬ್ಯಾಚು ಮನೆಗೆ ಕಳಿಸ್ತಾರೆ. ನನ್ನ ಪಕ್ಕದ ಮಿಷನ್ನೋಳು ಮೂರು ಮಕ್ಕಳನ್ನ ಓದಿಸಿದ್ದು ಆ ಸಂಬಳದಲ್ಲೇ.

ಮಗಳು: ಹಾಗಂತ ಕಣ್ಣು ಮುಚ್ಚಿ ಕೊಳ್ಳಲಾ? ಐದು ತಿಂಗಳ ಕೂಸಿಗೆ ನಲವತ್ತು ಜೊತೆ? ಬಂದವರೆಲ್ಲ ತಂದದ್ದು, ಬೆಲೆಚೀಟಿ ಕೀಳುವ ಮೊದಲೇ ಚಿಕ್ಕದಾಯ್ತು. ಅಗ್ಗ ಅಂತ ತಾನೆ ಅಷ್ಟು ತರೋದು? ಆ ಅಗ್ಗ ಬಂದಿದ್ದು ಎಲ್ಲಿಂದ? ನಿನ್ನ ಸಂಬಳದಿಂದ.

ದೊಡ್ಡಮ್ಮ: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ನೀನು ಮನೇಲಿ ಕೂತು ಝಬಲಾ ಹೊಲಿಯೋದೂ ಉತ್ತರ ಅಲ್ಲ. 2016ರಲ್ಲಿ ಪಿಎಫ್ ದುಡ್ಡು ನಾವು ಬೇಕಾದಾಗ ತಗೊಳ್ಳಂಗಿಲ್ಲ ಅಂತ ರೂಲ್ಸ್ ಮಾಡಿದ್ರು. ಯಾರೂ ಕರೆದಿದ್ದಲ್ಲ, ಏಪ್ರಿಲಲ್ಲಿ ಹೊಸೂರು ರಸ್ತೇಲಿ ಹೋಗಿ ಕೂತ್ವಿ. ಸಾವಿರಾರು ಹೆಂಗಸರು. ಎರಡು ದಿನಕ್ಕೆ ದೆಲ್ಲಿಯವರು ರೂಲ್ಸ್ ವಾಪಸ್ ತಗೊಂಡ್ರು. ಆವತ್ತು ಲಾಠಿ ಬಿತ್ತು, ಕೇಸೂ ಬಿತ್ತು. ಸಾಲಲ್ಲಿ ಕೂತು ಒಟ್ಟಿಗೆ ಹೊಲೀತಿದ್ದಿದ್ದಕ್ಕೆ ಒಟ್ಟಿಗೆ ಎದ್ದು ಬಂದ್ವಿ. ಒಬ್ಬೊಬ್ಬರು ಅವರವರ ಮನೇಲಿ ಹೊಲೀತಿದ್ರೆ ಯಾರು ಬರ್ತಿದ್ರು?

ಮಗಳು: ಅದನ್ನ ನಾನು ಯೋಚನೆ ಮಾಡಿರಲಿಲ್ಲ. ಆದರೂ, ಆ ರಸ್ತೆಯಲ್ಲಿ ಕೂತವರಿಗೆ ನನ್ನಿಂದ ಏನಾದ್ರೂ ಆಗೋದಿದ್ರೆ ಅದು ಅರ್ಧದಷ್ಟು ಕೊಂಡು, ಸರಿಯಾದ ಬೆಲೆ ಕೊಟ್ಟರೆ ಮಾತ್ರ. ಒಂದು ತೋಳು ಕೂರಿಸೋಕೆ ನನಗೆ ಎಷ್ಟು ಹೊತ್ತು ಹಿಡೀತು ಅಂತ ಗೊತ್ತಾದ ಮೇಲೆ, ಅಂಗಡಿಯಲ್ಲಿ ನೂರೈವತ್ತಕ್ಕೆ ಫ್ರಾಕು ಕಂಡ್ರೆ ಖುಷಿ ಆಗಲ್ಲ. ಹೊಲಿದು ಕಲಿತಿದ್ದು ಅದೊಂದು.

ದೊಡ್ಡಮ್ಮ: ಹೊಲೀದೆ ಇರೋರಿಗೆ ನಾವು ಹೇಳಿದ್ರೆ ತಿಳಿಯಲ್ವಾ? ಎಲ್ಲರೂ ಸೂಜಿ ಚುಚ್ಚಿಕೊಂಡೇ ತಿಳೀಬೇಕಾ?

ಮಗಳು: ನೀನು ಇಷ್ಟು ವರ್ಷದಲ್ಲಿ ನನಗೆ ಇದನ್ನೆಲ್ಲ ಇವತ್ತೇ ತಾನೆ ಹೇಳಿದ್ದು. ಅದೂ ನಾನು ಕತ್ತು ಕಿರಿದಾಗಿ ಇಟ್ಟಿದ್ದಕ್ಕೆ.

ದೊಡ್ಡಮ್ಮ ನಕ್ಕರು. ಒಳಗೆ ಕೂಸು ಎದ್ದು ರಾಗ ತೆಗೆಯಿತು. ಮಗಳು ಎದ್ದು ಹೋದಳು. ದೊಡ್ಡಮ್ಮ ಝಬಲಾದ ಕತ್ತಿನ ಹೊಲಿಗೆ ಬಿಚ್ಚತೊಡಗಿದರು, ‘ನಾನು ಹೊಲಿದುಕೊಡಲ್ಲ, ಬಿಚ್ಚಿಕೊಡ್ತೀನಿ ಅಷ್ಟೆ, ಹೊಲಿಯೋದು ಅವಳೇ’ ಎಂದು ನನಗೆ ಕೇಳುವಂತೆ ಹೇಳಿಕೊಂಡು.

ಮನೆಯಲ್ಲಿ ಹೊಲಿಯಬೇಕೋ ಅಂಗಡಿಯಲ್ಲಿ ಕೊಳ್ಳಬೇಕೋ ಎಂಬ ವಾದ ಅವರವರ ರಜೆ, ಸಂಬಳ, ಬೆನ್ನಿನ ಶಕ್ತಿ ನೋಡಿಕೊಂಡು ನಡೆಯಲಿ. ಓದುಗರಲ್ಲಿ ಎಳೆಗೂಸು ಇರುವವರಿಗೆ ಒಂದೇ ಕೇಳಿಕೆ: ಕೈಗವಸು, ಕಾಲುಚೀಲ, ಅಂಗಿ ಯಾವುದೇ ಇರಲಿ, ನೀವೇ ಹೆಣೆದದ್ದಾಗಲಿ, ನೂರು ಸಲ ಚೆಕಿಂಗ್ ಆಗಿ ಬಂದದ್ದಾಗಲಿ, ತೊಡಿಸುವ ಮುಂಚೆ ಒಳಮಗ್ಗುಲು ತಿರುಗಿಸಿ ನೋಡಿ. ಸಡಿಲ ದಾರ ಕಂಡರೆ ಎಳೆಯಬೇಡಿ, ಕತ್ತರಿಸಿ. ಕೂಸು ಕಾರಣ ತಿಳಿಯದೆ ಅಳುತ್ತಿದ್ದರೆ ಕಾಲುಚೀಲ ಬಿಚ್ಚಿ ಬೆರಳುಗಳನ್ನು ಒಂದೊಂದಾಗಿ ನೋಡಿ. ಎಳೆ ಸುತ್ತಿಕೊಂಡು ಬೆರಳು ಊದಿದ್ದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ.